ಉಗುರಾಚಾರಿಯೂ ಹುಣಸೆಚಿಗುರು ಬಣ್ಣದ ಕಾರೂ

ಯಾವ ಕಾಲದ್ದು ಅಂತ ಮಾತ್ರ ಕೇಳಬೇಡಿ. ಬಹಳ ಬಹಳ ಹಿಂದೆ ಹದ್ದಿನಕಣಿವೆ ಅಂತ ಒಂದೂರು. ಊರಿನ ಹಿಂದೆಯೇ ಬೆಟ್ಟದ ರಸ್ತೆ. ಬೆಟ್ಟ ಹತ್ತುವ ಕಾರುಗಳೆಲ್ಲ ಅಲ್ಲಿ ನಿಂತು ನೀರು ಕುಡಿದು ಹೋಗಬೇಕು. ಅವು ನಿಲ್ಲುವ ಕಡೆ ಒಂದು ತಗಡಿನ ಶೆಡ್ಡು, ಶೆಡ್ಡಿನಲ್ಲಿ ಒಬ್ಬ ಆಚಾರಿ. ಅಪ್ಪ ಅಮ್ಮ ಇಟ್ಟ ಹೆಸರು ಮೌನಾಚಾರಿ. ಊರು ಇಟ್ಟ ಹೆಸರು ಉಗುರಾಚಾರಿ.

ಯಾಕೆಂದರೆ ಅವನ ಬಲಗೈ ಹೆಬ್ಬೆರಳಿನ ಉಗುರು ಉಳಿಯ ಹಾಗೆ ಗಟ್ಟಿಯಾಗಿ ಬೆಳೆದಿತ್ತಂತೆ. ಎಷ್ಟೇ ಹಳೆಯ ಕಾರು ಬರಲಿ, ಯಾರ್ಯಾರು ಎಷ್ಟು ಸಲ ಬಣ್ಣ ಬಳಿದಿರಲಿ, ಬಾಗಿಲ ಕೀಲಿನ ಸಂದಿಯಲ್ಲಿ, ಬಿಸಿಲು ಮಳೆ ತಾಗದ ಕಡೆ, ಆ ಉಗುರಿನಿಂದ ಕೆರೆಯುತ್ತಿದ್ದನಂತೆ. ಕಪ್ಪು ಏಳುತ್ತಿತ್ತು, ಅದರಡಿ ಕೆಂಪು, ಅದರಡಿ ಬೂದಿ. ಕೊನೆಗೆ ಕಾರು ಹುಟ್ಟಿದಾಗಿನ ಬಣ್ಣ, ಹುರಿಗಡಲೆಯಷ್ಟು, ಕಾಣಿಸುತ್ತಿತ್ತು. ಬೆಳ್ಳಗಿರೋದೆಲ್ಲ ಹಾಲಲ್ಲ ಅಂತ ನಾವು ಬಾಯಲ್ಲಿ ಹೇಳುತ್ತೇವೆ, ಅವನು ಕೆರೆದೇ ತೋರಿಸುತ್ತಿದ್ದ.

ಹಿಂದಿನ ಆಕ್ಸಲ್ಲಿನ ಹಲ್ಲು, ಅಂದರೆ ಗೇರಿನ ಚಕ್ರ, ಅದೂ ಹಾಗೇ. ಹಿಂದಿನ ಎರಡೂ ಗಾಲಿಗಳನ್ನು ಜಾಕಿನ ಮೇಲೆ ಎತ್ತಿ, ಗಾಲಿಗೊಂದು, ಎಂಜಿನ್ನಿನ ಕಡೆಯಿಂದ ಬರುವ ನಡುವಿನ ಶಾಫ್ಟಿಗೊಂದು ಸುಣ್ಣದ ಗೆರೆ ಎಳೆದು, ಗಾಲಿಗಳನ್ನು ಜೊತೆಯಾಗಿ ಒಂದು ಸುತ್ತು ತಿರುಗಿಸುತ್ತಿದ್ದ. ಶಾಫ್ಟು ನಾಲ್ಕು ಸುತ್ತು ಬಂದರೆ ಬಯಲಿನ ಹಲ್ಲು, ಐದು ದಾಟಿದರೆ ಬೆಟ್ಟದ ಹಲ್ಲು. ಮಧ್ಯೆ ಯಾರೋ ಬದಲಿಸಿದ್ದರೆ ಅದೂ ಗೊತ್ತಾಗುತ್ತಿತ್ತಂತೆ.

ಒಮ್ಮೆ ಕಡಲೆಕಾಯಿ ಮಂಡಿಯ ಸಾಹುಕಾರನೊಬ್ಬ ರೋಗಿಯ ಮನೆಗೆ ಹೊರಟು ದಾರಿಯಲ್ಲೇ ಸತ್ತ ಯಾರೋ ಡಾಕ್ಟರ ಕಾರು ಕೊಂಡು ತಂದ. ಆಚಾರಿ ಬಣ್ಣವನ್ನೂ ಹಲ್ಲನ್ನೂ ಮೊದಲು ಇದ್ದ ಹಾಗೇ ಮಾಡಿಕೊಟ್ಟ. ಸಾಹುಕಾರ ಮೀಸೆ ತಿರುವಿಕೊಂಡು ಹೊರಟ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಸ್ಟೇರಿಂಗು ಅವನ ಮಾತು ಕೇಳಲಿಲ್ಲವಂತೆ. ಕಾರು ತಾನೇ ಹೋಗಿ ಒಂದು ಮನೆಯ ಮುಂದೆ ನಿಂತಿತು. ಒಳಗಿಂದ ಮುದುಕಿಯ ದನಿ ಬಂತಂತೆ, "ಡಾಕ್ಟ್ರು ಬಂದ್ರು, ಚಾಪೆ ಹಾಸ್ರೇ." ಆ ಮನೆಗೆ ಸೂರೇ ಇರಲಿಲ್ಲ, ಗೋಡೆಯ ನಡುವೆ ಬೇವು ಬೆಳೆದಿತ್ತು. ಸಾಹುಕಾರ ಪಂಚೆ ಎತ್ತಿಕೊಂಡು ಓಡಿದವನು ಮತ್ತೆ ಎತ್ತಿನಗಾಡಿಯಲ್ಲೇ ತಿರುಗಿದನಂತೆ.

ಅಂದಿನಿಂದ ಆಚಾರಿ ಎಂಥ ಕೆಲಸ ಹಿಡಿದರೂ ಕೀಲಿನ ಸಂದಿಯಲ್ಲಿ ಹಿಂದಿನ ಬಣ್ಣದ್ದು ಒಂದು ಚುಕ್ಕೆ ಉಳಿಸುತ್ತಿದ್ದ. ಪೂರ್ತಿ ಮೊದಲಿನ ಹಾಗಾದರೆ ಕಾರಿಗೆ ಅರ್ಧಕ್ಕೆ ನಿಂತ ದಾರಿ ನೆನಪಾಗುತ್ತದೆ ಅನ್ನುತ್ತಿದ್ದನಂತೆ.

ಅವನಿಗೊಬ್ಬಳು ಮಗಳು, ಕಮಲಾಕ್ಷಿ. ತಾಯಿಯಿಲ್ಲದ ಹುಡುಗಿ, ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಒಂದು ದಿನ ಉರಿಬಿಸಿಲ ಹೊತ್ತಿನಲ್ಲಿ ನೋವು ಶುರುವಾಯಿತು. ಸೂಲಗಿತ್ತಿ ನೋಡಿ, ಇದು ನನ್ನ ಕೈಲಾಗದು, ಮೇಲಿನ ಪೇಟೆಯ ಆಸ್ಪತ್ರೆಗೆ ಸಾಗಿಸಿ ಅಂದಳು. ನೀರಿಗೆ ನಿಂತಿದ್ದದ್ದು ಒಂದೇ ಕಾರು, ಹುಣಸೆಚಿಗುರು ಬಣ್ಣದ್ದು. ಅದರ ಹಲ್ಲು ಆಚಾರಿಯೇ ಕೂರಿಸಿದ್ದು, ಡ್ರೈವರೂ ಗುರುತಿನವನು. ಹುಡುಗಿಯನ್ನು ಹಿಂದಿನ ಸೀಟಿನಲ್ಲಿ ಮಲಗಿಸಿದರು. "ಅಪ್ಪಾ, ನೀನೂ ಬಾ," ಅಂದಳಂತೆ. ಶೆಡ್ಡಿನಲ್ಲಿ ಇನ್ಯಾರದೋ ಕಾರು ಆಕ್ಸಲ್ಲು ಬಿಚ್ಚಿಕೊಂಡು ಬಿದ್ದಿತ್ತು, ಅದರ ಯಜಮಾನ ಕೂಗಾಡುತ್ತಿದ್ದ. "ನೀನು ಮುಂದೆ ನಡಿಯವ್ವಾ, ಇದೊಂದು ಮುಗಿಸಿ ಹಿಂದೇ ಬಂದೆ," ಅಂದ ಆಚಾರಿ.

ಆ ಕಾರು ಆಸ್ಪತ್ರೆ ಸೇರಲಿಲ್ಲ. ಊರಿಗೆ ಊರೇ ಕಣಿವೆಯನ್ನು ಜಾಲಾಡಿತಂತೆ. ಒಂದು ಗಾಜಿನ ಚೂರೂ ಸಿಗಲಿಲ್ಲ. ಆಮೇಲೆ ಆಚಾರಿ ಊಟಕ್ಕೆ ಕೂತಾಗಲೂ ರಸ್ತೆಯ ಕಡೆಗೇ ಮುಖ ಮಾಡಿ ಕೂರುತ್ತಿದ್ದನಂತೆ.

ಅವನ ತಲೆ ಬೆಳ್ಳಗಾದ ಮೇಲೆ ಯಾವನೋ ಶೋಕಿವಾಲ ಒಂದು ಕರಿ ಕಾರು ತಂದು ನಿಲ್ಲಿಸಿದ. ಸಂತೆಯಲ್ಲಿ ಕೊಂಡದ್ದು, ಹುಟ್ಟುಬಣ್ಣ ಯಾವುದೋ ನೋಡಿ ಅದನ್ನೇ ಹೊಡೆದುಕೊಡು ಅಂತ ಹೇಳಿ ಬಿಟ್ಟುಹೋದ. ಆಚಾರಿ ಕೆರೆದ. ಕಪ್ಪು ಎದ್ದಿತು, ಕೆಂಪು ಎದ್ದಿತು, ಬೂದಿ ಎದ್ದಿತು. ಅದರಡಿ ಹುಣಸೆಚಿಗುರು. ಕೂಡಲೇ ಜಾಕು ಹಾಕಿದ. ಆಕ್ಸಲ್ಲು ಬಿಚ್ಚಿದ. ಯಾರೋ ಬಯಲಿನ ಹಲ್ಲು ಹಾಕಿದ್ದರು, ಆದರೆ ಆಕ್ಸಲ್ಲಿನ ಗೂಡಿನೊಳಗೆ ಅಂದು ತಾನೇ ಹೊಡೆದ ಉಳಿಯ ಗುರುತು ಹಾಗೇ ಇತ್ತು.

ಬೆಟ್ಟದ ಹಲ್ಲು ಹುಡುಕಿ ಕೂರಿಸಿದ. ಬಣ್ಣ ಅರೆದು ಹೊಡೆದ. ಕೊನೆಗೆ ಉಳಿದದ್ದು ಕೀಲಿನ ಸಂದಿಯ ಒಂದು ಕರಿ ಚುಕ್ಕೆ. ಅದರ ಮುಂದೆ ಕೂತೇ ಕೂತನಂತೆ. ಅವನಿಗೆ ಭಯ. ಮಗಳು ಬರಲಿಕ್ಕಿಲ್ಲ ಅಂತ ಭಯ, ಬಂದರೆ ಯಾವ ಮುಖ ಹೊತ್ತು ನೋಡಲಿ ಅಂತ ಇನ್ನೂ ಭಯ. ಬಿಸಿಲು ನೆತ್ತಿಗೆ ಬಂದಾಗ ಉಗುರು ಇಟ್ಟು ಕೆರೆದುಬಿಟ್ಟ.

ಎದುರು ಚಾ ಅಂಗಡಿಯ ಸಿದ್ದವ್ವ ಕಣ್ಣಾರೆ ಕಂಡಳಂತೆ. ಕೀಲಿಕೈ ಹಾಕದೆ ಕಾರು ಗುರ್ರ್ ಅಂದಿತು. ಹಿಂದಿನ ಬಾಗಿಲು ತಾನೇ ತೆರೆಯಿತು. ಒಳಗೆ ಯಾರೂ ಕಾಣಲಿಲ್ಲ, ದನಿ ಮಾತ್ರ ಬಂತು, ನೋವು ತಿನ್ನುತ್ತಿರುವ ಹುಡುಗಿಯ ದನಿ.

"ಅಪ್ಪಾ, ನೀನೂ ಬಾ."

ಅವತ್ತೂ ಶೆಡ್ಡಿನಲ್ಲಿ ಬೇರೊಂದು ಕಾರು ಜಾಕಿನ ಮೇಲಿತ್ತು, ಅದರ ಯಜಮಾನನೂ ಕೂಗಾಡುತ್ತಿದ್ದ. ಆಚಾರಿ ಪಾನಾ ಬಿಸಾಕಿದ. "ಬಂದೆ ಕಣವ್ವಾ," ಅಂದು ಹತ್ತಿ ಕೂತ. ಮುಂದಿನ ಸೀಟು ಖಾಲಿ. ಕಾರು ಬೆಟ್ಟ ಹತ್ತಿತು.

ಅದೇ ದಿನ ಮೇಲಿನ ಪೇಟೆಯ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂಸು ಅತ್ತಿತಂತೆ. ಆಯಾ ಓಡಿಬಂದು ನೋಡಿದರೆ ಆಗಷ್ಟೇ ಹುಟ್ಟಿದ ಹೆಣ್ಣುಮಗು. ಸುತ್ತಿದ್ದದ್ದು ಒಂದು ಹರಕು ಪಂಚೆ, ಅದರ ಮೇಲೆ ಹುಣಸೆಚಿಗುರು ಬಣ್ಣ ಇನ್ನೂ ಹಸಿಯಾಗಿತ್ತಂತೆ. ಸುದ್ದಿ ಕೇಳಿ ಹೋದ ಕಣಿವೆಯವರು ಅದು ಆಚಾರಿಯದೇ ಪಂಚೆ ಅಂತ ಗುರುತು ಹಿಡಿದು ಎತ್ತಿಕೊಂಡು ಬಂದರು, ಕಮಲಾಕ್ಷಿ ಅಂತಲೇ ಹೆಸರಿಟ್ಟರು. ಕಾರಾಗಲಿ ಆಚಾರಿಯಾಗಲಿ ಮತ್ತೆ ಯಾರಿಗೂ ಕಾಣಲಿಲ್ಲ. ಶೋಕಿವಾಲ ಜಗಳಕ್ಕೆ ಬಂದವನು, ಕೂಸನ್ನು ನೋಡಿ ಬಂದ ದಾರಿಯಲ್ಲೇ ಹಿಂದಿರುಗಿದನಂತೆ.

ನಗುವವರು ನಗಿ. ಈಗಲೂ ಆ ಊರಿನಲ್ಲಿ ಟ್ರ್ಯಾಕ್ಟರಿಗೆ ಬಣ್ಣ ಹೊಡೆಯಲಿ, ಮನೆಯ ಕದಕ್ಕೆ ಹೊಡೆಯಲಿ, ಕೀಲಿನ ಸಂದಿಯಲ್ಲಿ ಹುರಿಗಡಲೆಯಷ್ಟು ಹಿಂದಿನ ಬಣ್ಣ ಬಿಡುತ್ತಾರೆ. ಆಸ್ಪತ್ರೆಗೆ ಹೊರಟವರಿಗೆ ಮಾತ್ರ "ನೀನು ಮುಂದೆ ನಡಿ" ಅಂತ ಅಲ್ಲಿ ಯಾರ ಬಾಯಲ್ಲೂ ಬರುವುದಿಲ್ಲ. ಒಲೆಯ ಮೇಲೆ ಹಾಲು ಉಕ್ಕುತ್ತಿದ್ದರೂ ಉಕ್ಕಲಿ ಅಂತ ಬಿಟ್ಟು, ಜೊತೆಗೇ ಹತ್ತಿ ಕೂರುತ್ತಾರೆ.