ಪರೀಕ್ಷಕನ ಮೂರನೆಯ ಪ್ರಶ್ನೆ

"ಗುರುಗಳೇ, ಹೊಟ್ಟೆಕಿಚ್ಚು ಪಡುವವನು ಒಂದೇ ಒಂದು ಸುಳ್ಳನ್ನೂ ಆಡದಿದ್ದರೆ, ಅವನಿಂದ ಇನ್ನೊಬ್ಬನಿಗೆ ಕೇಡಾಗಲು ಸಾಧ್ಯವೇ?" ಎಂದು ಶಿಷ್ಯ ಕೇಳಿದ.

ಗುರು ಬ್ಯಾಸ್ಕೆಟ್‌ಬಾಲ್ ಕಲಿಸುವವರು. ಮೂವತ್ತು ವರ್ಷ ಒಂದೇ ಸಿಮೆಂಟಿನ ಅಂಕಣದಲ್ಲಿ ಕಲಿಸಿದವರು. ಶಿಷ್ಯ ಅವರ ಬಳಿ ಆಡಲು ಕಲಿತು, ಈಗ ಕಲಿಸುವುದನ್ನು ಕಲಿಯುತ್ತಿದ್ದ. ಬೆಳಗಿನ ಅಭ್ಯಾಸ ಮುಗಿದು ಎಲ್ಲರೂ ಹೊರಟುಹೋಗಿದ್ದರು.

"ಒಂದು ಸುಳ್ಳನ್ನೂ ಆಡದಿದ್ದರೆ?" ಎಂದರು ಗುರು.

"ಒಂದನ್ನೂ ಆಡದಿದ್ದರೆ."

ಗುರು ಮೆಟ್ಟಿಲ ಮೇಲೆ ಕುಳಿತರು. ಶಿಷ್ಯನಿಗೂ ಕುಳಿತುಕೊಳ್ಳಲು ಹೇಳಿ, ಕತೆಗೆ ತೊಡಗಿದರು.

ಒಂದು ಕಾಲೇಜಿನ ತಂಡದಲ್ಲಿ ಇಬ್ಬರು ಗೆಳೆಯರಿದ್ದರು. ಒಬ್ಬನ ಹೆಸರು ವರ್ಧಮಾನ, ಇನ್ನೊಬ್ಬನ ಹೆಸರು ಫಕೀರೇಶ. ವರ್ಧಮಾನ ಎತ್ತರದವನು. ಚೆಂಡು ಕೈಗೆ ಬಂದರೆ ಬುಟ್ಟಿಗೆ ಹಾಕುತ್ತಿದ್ದ. ಫಕೀರೇಶ ಅವನಿಗಿಂತ ಒಂದು ಗೇಣು ಗಿಡ್ಡ. ಚೆಂಡನ್ನು ವರ್ಧಮಾನನ ಕೈಗೆ ತಲುಪಿಸುವುದು ಅವನ ಕೆಲಸ. ಯಾರು ಯಾವ ಕಡೆ ಓಡುತ್ತಾರೆ ಎಂಬುದು ಓಡುವವನಿಗಿಂತ ಮೊದಲು ಅವನಿಗೆ ತಿಳಿಯುತ್ತಿತ್ತು.

ಮೊದಲ ಎರಡು ವರ್ಷ ಅವರು ಒಂದೇ ತಟ್ಟೆಯಲ್ಲಿ ಉಂಡರು. ಮೂರನೆಯ ವರ್ಷ ವರ್ಧಮಾನನ ಮನಸ್ಸಿನಲ್ಲಿ ಒಂದು ಬದಲಾವಣೆ ಆಯಿತು. ಅದಕ್ಕೆ ದೊಡ್ಡ ಕಾರಣವೇನೂ ಇರಲಿಲ್ಲ. ತರಬೇತುದಾರ ತಂಡಕ್ಕೆಲ್ಲ ಏನಾದರೂ ವಿವರಿಸುವಾಗ, ಅರ್ಥವಾಯಿತೇ ಎಂದು ಫಕೀರೇಶನ ಮುಖವನ್ನು ಮಾತ್ರ ನೋಡುತ್ತಿದ್ದ. ಅದನ್ನು ವರ್ಧಮಾನ ಒಂದು ದಿನ ಗಮನಿಸಿದ. ಒಮ್ಮೆ ಗಮನಿಸಿದ ಮೇಲೆ ಪ್ರತಿದಿನವೂ ಕಾಣತೊಡಗಿತು. ಊರಿನಿಂದ ಅವನ ತಾಯಿ ಫೋನು ಮಾಡಿದರೆ, ಫಕೀರೇಶ ಹೇಗಿದ್ದಾನೆ ಎಂದು ಕೇಳದೆ ಇಡುತ್ತಿರಲಿಲ್ಲ. ಅದೂ ಈಗ ಚುಚ್ಚತೊಡಗಿತು. ತಾನು ಮೂವತ್ತು ಅಂಕ ಗಳಿಸಿದ ದಿನವೂ ಪ್ರೇಕ್ಷಕರಲ್ಲಿ ಆಟ ಬಲ್ಲವರು, ಎದ್ದು ಹೋಗುವಾಗ, ಆ ಗಿಡ್ಡನ ಬಗ್ಗೆ ಮಾತಾಡಿಕೊಳ್ಳುತ್ತಿದ್ದರು.

ಒಂದು ಪಂದ್ಯದಲ್ಲಿ ವರ್ಧಮಾನ ಹಟಕ್ಕೆ ಬಿದ್ದ. ಫಕೀರೇಶ ಕೊಟ್ಟ ಚೆಂಡನ್ನು ಹಾಕದೆ, ತಾನೇ ಕಸಿದುಕೊಂಡು ತಂದ ಚೆಂಡನ್ನೇ ಹಾಕುತ್ತೇನೆ ಎಂದು ಆಡಿದ. ತಂಡ ಸೋತಿತು. ತರಬೇತುದಾರ ಸಿಟ್ಟಾಗಿ ಕೇಳಿದಾಗ ಫಕೀರೇಶ ಮುಂದೆ ಬಂದು, ನಾನು ಇವತ್ತು ಚೆಂಡು ಕೊಡುವುದು ತಡವಾಯಿತು ಎಂದ. ವರ್ಧಮಾನ ಅವನಿಗೆ ಋಣಿಯಾಗಬೇಕಿತ್ತು. ಆದರೆ ಆ ದಿನದಿಂದ ಅವನ ಮುಖ ನೋಡುವುದೇ ಕಷ್ಟವಾಯಿತು. ಫಕೀರೇಶನೂ ತನ್ನ ಮೇಲೆ ಸ್ವಲ್ಪ ಹೊಟ್ಟೆಕಿಚ್ಚು ಪಟ್ಟಿದ್ದರೆ ವರ್ಧಮಾನನಿಗೆ ನೆಮ್ಮದಿಯಾಗುತ್ತಿತ್ತು. ಫಕೀರೇಶ ಪಡಲಿಲ್ಲ.

ಓದು ಮುಗಿಯುವ ವರ್ಷ ವೃತ್ತಿಪರ ಲೀಗ್‌ನ ಆಯ್ಕೆ ಬಂದಿತು. ಎಂಟು ತಂಡಗಳು. ಒಂದೊಂದು ತಂಡವೂ ಸರದಿಯಂತೆ ಇಬ್ಬರನ್ನು ಆರಿಸಿಕೊಳ್ಳುತ್ತದೆ. ಒಟ್ಟು ಹದಿನಾರು ಹೆಸರು. ಅದಕ್ಕೆ ಮೊದಲು ಎಲ್ಲ ಕಾಲೇಜುಗಳಿಂದ ನಲವತ್ತು ಆಟಗಾರರನ್ನು ಕರೆಸಿ ಮೂರು ದಿನ ಪರೀಕ್ಷಿಸುವ ಶಿಬಿರ. ಆ ಕಾಲೇಜಿನಿಂದ ಹೋದವರು ಇವರಿಬ್ಬರೇ.

ಮೊದಲ ದಿನ ಅಳತೆ. ಎತ್ತರ, ತೋಳಿನ ಚಾಚು, ನಿಂತಲ್ಲಿಂದ ಎಷ್ಟು ಜಿಗಿಯುತ್ತಾನೆ, ಎಷ್ಟು ಬೇಗ ಓಡುತ್ತಾನೆ. ವರ್ಧಮಾನ ಎಲ್ಲದರಲ್ಲೂ ಮೊದಲ ಹತ್ತರೊಳಗೆ ಇದ್ದ. ಫಕೀರೇಶ ಎಲ್ಲದರಲ್ಲೂ ಕೊನೆಯ ಹತ್ತರೊಳಗೆ. ಆ ದಿನ ವರ್ಧಮಾನ ಚೆನ್ನಾಗಿ ಊಟ ಮಾಡಿದ.

ಎರಡನೆಯ ದಿನ ಆಟ. ಐದೈದು ಜನರ ತಂಡ ಮಾಡಿ ಆಡಿಸಿದರು. ಎಂಟು ತಂಡಗಳಿಂದಲೂ ಪರೀಕ್ಷಕರು ಬಂದು ಕುಳಿತಿದ್ದರು. ಅವರಲ್ಲಿ ಹಿರಿಯನಾದ ಒಬ್ಬ ಪರೀಕ್ಷಕನ ಮಾತಿಗೆ ಉಳಿದವರು ಬೆಲೆ ಕೊಡುತ್ತಿದ್ದರು. ವರ್ಧಮಾನನ ಎಡಗೈ ದುರ್ಬಲ. ಎದುರಾಳಿಗಳಿಗೆ ಅದು ಬೇಗ ತಿಳಿಯಿತು. ಅವನನ್ನು ಎಡಕ್ಕೇ ತಳ್ಳಿದರು. ಏಳು ಸಲ ಎಡಕ್ಕೆ ಹೋಗಿ ನಾಲ್ಕು ಸಲ ಚೆಂಡು ಕಳೆದುಕೊಂಡ. ಹಿರಿಯ ಪರೀಕ್ಷಕ ಪ್ರತಿ ಸಲವೂ ತನ್ನ ಪುಸ್ತಕದಲ್ಲಿ ಏನೋ ಬರೆದುಕೊಂಡ.

ಫಕೀರೇಶ ಇದ್ದ ತಂಡ ಗೆದ್ದಿತು. ಅವನನ್ನು ಇನ್ನೊಂದು ತಂಡಕ್ಕೆ ಹಾಕಿದರು. ಅದೂ ಗೆದ್ದಿತು. ಮಧ್ಯಾಹ್ನ, ಶಿಬಿರದಲ್ಲೇ ಸೋತು ಸುಣ್ಣವಾಗಿದ್ದ ನಾಲ್ವರ ಜೊತೆ ಅವನನ್ನು ಆಡಿಸಿದರು. ಅವರು ತಮ್ಮ ಕೈಯಲ್ಲಾಗದು ಎಂದುಕೊಂಡಿದ್ದನ್ನೆಲ್ಲ ಅವತ್ತು ಮಾಡಿದರು. ವರ್ಧಮಾನ ಹೊರಗೆ ಕುಳಿತು ಅದನ್ನು ನೋಡುತ್ತಿದ್ದ. ಅವನು ಆಟ ನೋಡುತ್ತಿರಲಿಲ್ಲ, ಪರೀಕ್ಷಕನನ್ನು ನೋಡುತ್ತಿದ್ದ. ತನ್ನ ಆಟದ ತುಂಬ ಬರೆಯುತ್ತಲೇ ಇದ್ದವನು, ಫಕೀರೇಶನ ಆಟದಲ್ಲಿ ಬರೆಯುವುದನ್ನೇ ಮರೆತುಬಿಟ್ಟಿದ್ದ.

ಮೂರನೆಯ ದಿನ ಮಾತು. ಒಬ್ಬೊಬ್ಬನನ್ನೇ ಒಂದು ಕೋಣೆಗೆ ಕರೆದರು. ಅವನ ಬಗ್ಗೆ ಕೇಳಿದ ಮೇಲೆ ಅವನ ಜೊತೆಯವನ ಬಗ್ಗೆಯೂ ಕೇಳಿದರು.

ಹಿರಿಯ ಪರೀಕ್ಷಕ ವರ್ಧಮಾನನಿಗೆ ಹೇಳಿದ: "ಫಕೀರೇಶನನ್ನು ನಾವು ಮೂರು ದಿನ ನೋಡಿದೆವು. ಅವನನ್ನು ನೀನು ನಾಲ್ಕು ವರ್ಷ ನೋಡಿದ್ದೀಯ. ಅಭ್ಯಾಸಕ್ಕೆ ಸರಿಯಾಗಿ ಬರುತ್ತಾನೆಯೇ?"

"ನನಗಿಂತ ಮೊದಲು ಬರುತ್ತಾನೆ ಸರ್."

"ಸೋತ ದಿನ ಜಗಳ ತೆಗೆಯುತ್ತಾನೆಯೇ?"

"ಇಲ್ಲ ಸರ್. ಯಾವತ್ತೂ ಇಲ್ಲ."

"ಅವನನ್ನು ತೆಗೆದುಕೊಂಡು ಮುಂದೆ ನಾವು ಕೈ ಕೈ ಹಿಸುಕಿಕೊಳ್ಳುವಂಥದ್ದು ಅವನಲ್ಲಿ ಏನಾದರೂ ಇದೆಯೇ?"

ಇಲ್ಲ ಎನ್ನಲು ವರ್ಧಮಾನ ಬಾಯಿ ತೆರೆದಿದ್ದ. ಆಗ ಕಿಟಕಿಯ ಹೊರಗೆ ಫಕೀರೇಶ ಕಂಡ. ಒಂದು ತಂಡದ ಮುಖ್ಯ ತರಬೇತುದಾರ ಅವನ ಹೆಗಲ ಮೇಲೆ ಕೈ ಹಾಕಿ ಏನೋ ಹೇಳುತ್ತಿದ್ದ. ಇಬ್ಬರೂ ನಕ್ಕರು. ಮೂರು ದಿನಗಳಲ್ಲಿ ವರ್ಧಮಾನನ ಹೆಗಲ ಮೇಲೆ ಯಾರೂ ಕೈ ಹಾಕಿರಲಿಲ್ಲ.

ವರ್ಧಮಾನ ತಲೆ ತಗ್ಗಿಸಿದ. ಆಮೇಲೆ ಹೇಳಿದ: "ಅದನ್ನು ಮಾತ್ರ ನನ್ನ ಬಾಯಿಂದ ಹೇಳಿಸಬೇಡಿ ಸರ್. ಅವನು ನನ್ನ ಗೆಳೆಯ."

ಪರೀಕ್ಷಕ ಪೆನ್ನಿಗೆ ಮುಚ್ಚಳ ಹಾಕಿದ. ಮತ್ತೇನೂ ಕೇಳಲಿಲ್ಲ.

ಸಂಜೆ ಪರೀಕ್ಷಕರೆಲ್ಲ ಒಟ್ಟಿಗೆ ಕುಳಿತು ಚಹಾ ಕುಡಿದರು. ಏನೋ ಇದೆ, ಗೆಳೆಯ ಹೇಳಲೊಲ್ಲ ಎಂದು ಹಿರಿಯ ಪರೀಕ್ಷಕ ಹೇಳಿದ. ಅವನು ಹೇಳಿದ್ದು ಅಷ್ಟೇ. ಕುಡಿಯುತ್ತಾನೇನೋ ಎಂದ ಒಬ್ಬ. ಮೊಣಕಾಲಿಗೆ ಹಳೆಯ ಪೆಟ್ಟು ಬಿದ್ದಿರಬೇಕು, ಮುಚ್ಚಿಟ್ಟಿದ್ದಾನೆ ಎಂದ ಇನ್ನೊಬ್ಬ. ಚಹಾ ಮುಗಿಯುವ ಹೊತ್ತಿಗೆ ಎಂಟು ತಂಡಗಳ ಪಟ್ಟಿಯಿಂದಲೂ ಫಕೀರೇಶನ ಹೆಸರು ಹೋಗಿತ್ತು.

ಆಯ್ಕೆಯ ದಿನ ಇಬ್ಬರೂ ಕಾಲೇಜಿನ ಸಭಾಂಗಣದಲ್ಲಿ ಅಕ್ಕಪಕ್ಕ ಕುಳಿತು ಟೀವಿ ನೋಡಿದರು. ಆರನೆಯ ಹೆಸರು ವರ್ಧಮಾನನದು. ಫಕೀರೇಶ ಅವನನ್ನು ಅಪ್ಪಿಕೊಂಡು ನೆಲದಿಂದ ಎತ್ತಿದ. ಹತ್ತನೆಯ ಹೆಸರು ಬಂತು, ಹದಿಮೂರನೆಯದು ಬಂತು, ಹದಿನಾರನೆಯದೂ ಬಂತು. ಫಕೀರೇಶ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದ. ಎಲ್ಲರಿಗೂ ಅವನೇ ಸಿಹಿ ಹಂಚಿದ.

ತನ್ನ ಕಿಚ್ಚು ಇನ್ನು ಆರುತ್ತದೆ ಎಂದು ವರ್ಧಮಾನ ತಿಳಿದಿದ್ದ. ಆರಲಿಲ್ಲ. ಇವನು ಹೇಗೆ ಹೀಗೆ ಸಂತೋಷಪಡಬಲ್ಲ, ನನ್ನಿಂದ ಯಾಕೆ ಆಗುವುದಿಲ್ಲ ಎಂದು, ಆ ಸಂತೋಷಕ್ಕೂ ಹೊಟ್ಟೆಕಿಚ್ಚು ಪಟ್ಟ.

ಅವನು ಒಂಬತ್ತು ವರ್ಷ ಆಡಿದ. ಬಹಳ ಹೆಸರು ಮಾಡಲಿಲ್ಲ, ಕೆಟ್ಟ ಹೆಸರೂ ಬರಲಿಲ್ಲ. ಚೆಂಡು ಬೇಕಾದಾಗ ಬರುತ್ತಿರಲಿಲ್ಲ, ಬಂದಾಗ ಅವನು ಬೇರೆಡೆ ಇರುತ್ತಿದ್ದ. ಫಕೀರೇಶ ದೈಹಿಕ ಶಿಕ್ಷಣದ ತರಬೇತಿ ಮುಗಿಸಿ, ಒಂದು ತಾಲ್ಲೂಕಿನ ಕಾಲೇಜಿನಲ್ಲಿ ಕೆಲಸಕ್ಕೆ ಸೇರಿದ. ಅಲ್ಲಿ ಬ್ಯಾಸ್ಕೆಟ್‌ಬಾಲ್ ಅಂಕಣವೇ ಇರಲಿಲ್ಲ. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ನೆಲ ಸಮ ಮಾಡಿ, ಅಂಕಣ ಮಾಡಿದ. ಅವನ ಶಿಷ್ಯರು ಅವನ ಮಾತು ಮೀರುವುದಿಲ್ಲವಂತೆ ಎಂದು ಯಾರೋ ಹೇಳಿದಾಗ, ವರ್ಧಮಾನ ಮಾತು ಬದಲಿಸಿದ.

ಆಟದಿಂದ ನಿವೃತ್ತನಾದಾಗ ವರ್ಧಮಾನನಿಗೆ ಒಂದು ಸನ್ಮಾನ ಏರ್ಪಾಡಾಯಿತು. ಫಕೀರೇಶ ರಜೆ ಹಾಕಿ, ಎರಡು ಬಸ್ಸು ಬದಲಿಸಿ ಬಂದು ಮೂರನೆಯ ಸಾಲಿನಲ್ಲಿ ಕುಳಿತ. ಹಿರಿಯ ಪರೀಕ್ಷಕನನ್ನೂ ಕರೆದಿದ್ದರು. ಅವನಿಗೆ ಆಗಲೇ ವಯಸ್ಸಾಗಿತ್ತು. ಅವನು ಮೈಕಿನ ಮುಂದೆ ನಿಂತು ಹೇಳಿದ:

"ಇವನನ್ನು ನಾನು ಮೊದಲು ನನ್ನ ಪಟ್ಟಿಯಲ್ಲಿ ಹದಿನೈದನೆಯವನಾಗಿ ಬರೆದಿದ್ದೆ. ಎಡಗೈ ಸಾಲದಾಗಿತ್ತು. ಕೊನೆಯ ದಿನ ಆರಕ್ಕೆ ಏರಿಸಿದೆ. ಯಾಕೆ ಗೊತ್ತೇ? ಜೊತೆಯವನ ದೋಷ ಏನು ಎಂದು ಕೇಳಿದರೆ ಇವನು ಬಾಯಿ ಬಿಡಲಿಲ್ಲ. ಅವನು ನನ್ನ ಗೆಳೆಯ, ಹೇಳಿಸಬೇಡಿ ಎಂದ. ಕೈ ತಿದ್ದಬಹುದು, ಇಂಥ ಮನಸ್ಸನ್ನು ಎಲ್ಲಿಂದ ತರುವುದು?"

ಸಭೆಯೆಲ್ಲ ಚಪ್ಪಾಳೆ ತಟ್ಟಿತು. ಫಕೀರೇಶನೂ ತಟ್ಟಿದ. ತಟ್ಟುತ್ತಿದ್ದವನ ಕೈ ನಡುವೆ ನಿಂತಿತು. ಜೊತೆಯವನು ಎಂದರೆ ಆ ಶಿಬಿರದಲ್ಲಿ ತಾನೊಬ್ಬನೇ.

ಹಾರ ಹಾಕುವವರೆಲ್ಲ ಹಾಕಿ ಹೋಗುವವರೆಗೆ ಅವನು ಕಾದ. ಆಮೇಲೆ ವರ್ಧಮಾನನ ಬಳಿ ಬಂದು, ಪಕ್ಕದ ಕುರ್ಚಿಯಲ್ಲಿ ಕುಳಿತ.

"ಏನ್ ಇತ್ತೋ ಅದು, ನನ್ನೊಳಗ?" ಎಂದು ಕೇಳಿದ. ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ. "ನನ್ನನ್ನ ಯಾಕ ಯಾರೂ ತಗೊಳ್ಳಿಲ್ಲ ಅಂತ ಒಂಬತ್ತು ವರ್ಷ ತಲಿ ಕೆಡಿಸ್ಕೊಂಡೀನಿ. ಎತ್ತರ ಅಂದ್ರ, ನನ್ನಕಿಂತ ಗಿಡ್ಡ ಇದ್ದವರನ್ನ ತಗೊಂಡ್ರು. ನಿನಗ ಅದು ಕಂಡಿತ್ತು ಅಂತ ಇವತ್ತ ಗೊತ್ತಾತು. ಈಗರ ಹೇಳು. ನನ್ನ ಹತ್ರ ಹುಡುಗರು ಕಲಿಯಾಕತ್ತಾರ. ನನ್ನ ಕೆಟ್ಟದ್ದು ಅವರಿಗೆ ಅಂಟಬಾರ್ದು."

ವರ್ಧಮಾನ ಕೊರಳಿನ ಹಾರ ತೆಗೆದಿಟ್ಟ.

"ಏನೂ ಇರ್ಲಿಲ್ಲ," ಎಂದ.

"ಇರ್ಲಿಲ್ಲ ಅಂದ್ರ?"

"ನಿನ್ನೊಳಗ ಏನೂ ಇರ್ಲಿಲ್ಲ ಫಕೀರೇಶ. ಇದ್ದದ್ದು ನನ್ನೊಳಗ. ನಿನ್ನ ಕಂಡ್ರ ನನಗ ಹೊಟ್ಟಿಕಿಚ್ಚು. ಅದಕ್ಕ ಹಂಗ ಅಂದೆ. ಏನೋ ಐತಿ ಅಂತ ಅವರು ತಿಳ್ಕೊಳ್ಳಲಿ ಅಂತನ ಅಂದೆ."

ಫಕೀರೇಶನ ಕಣ್ಣು ತುಂಬಿ ಬಂತು.

"ನನ್ನ ಮರ್ಯಾದಿ ಇನ್ನೂ ಕಾಯಾಕತ್ತೀಯಲ್ಲೋ," ಎಂದ. "ನಿನ್ನ ಮ್ಯಾಲೆ ಹಾಕ್ಕೊಂಡು ಕಾಯಾಕತ್ತೀಯಲ್ಲ."

ವರ್ಧಮಾನ ಆಣೆ ಮಾಡಿದ. ತಾಯಿಯ ಹೆಸರು ಹಿಡಿದು ಹೇಳಿದ. ತರಬೇತುದಾರ ಯಾರ ಮುಖ ನೋಡುತ್ತಿದ್ದ ಎಂಬುದರಿಂದ ಹಿಡಿದು, ಕಿಟಕಿಯ ಹೊರಗೆ ಕಂಡದ್ದರವರೆಗೆ ಎಲ್ಲವನ್ನೂ ಹೇಳಿದ. ಹೇಳಿದಷ್ಟೂ ಫಕೀರೇಶ ತಲೆ ಅಲ್ಲಾಡಿಸಿದ. ಇಷ್ಟು ಸಣ್ಣ ಕಾರಣಗಳಿಗೆ ಒಬ್ಬ ಗೆಳೆಯ ಹಾಗೆ ಮಾಡುತ್ತಾನೆ ಎಂದು ಅವನಿಗೆ ನಂಬಲು ಆಗಲಿಲ್ಲ. ಅವನೊಳಗೆ ಅಂಥದ್ದು ಹುಟ್ಟಿಯೇ ಇರಲಿಲ್ಲವಾದ್ದರಿಂದ, ಇನ್ನೊಬ್ಬನಲ್ಲಿ ಅದನ್ನು ಗುರುತಿಸುವ ಬಗೆ ಅವನಿಗೆ ತಿಳಿದಿರಲಿಲ್ಲ.

ಕೊನೆಗೆ ಎದ್ದು ನಿಂತು ವರ್ಧಮಾನನ ಹೆಗಲ ಮೇಲೆ ಕೈ ಇಟ್ಟ. "ಬ್ಯಾಡ ಬಿಡು. ನಾನ ಹುಡುಕ್ಕೋತೀನಿ," ಎಂದು ಹೇಳಿ ಬಸ್ ನಿಲ್ದಾಣಕ್ಕೆ ಹೋದ.

ಗುರು ಕತೆ ನಿಲ್ಲಿಸಿದರು.

ಶಿಷ್ಯ ಅಂಕಣದ ಬಿಳಿ ಗೆರೆಯನ್ನು ನೋಡುತ್ತಿದ್ದ. "ಹುಡುಕಿದನೇ?" ಎಂದ.

"ಹುಡುಕುತ್ತಲೇ ಇದ್ದಾನೆ. ಪಾಠ ಮಾಡುವಾಗ ನಡುವೆ ಮಾತು ನಿಲ್ಲಿಸಿ, ನಾನು ಹೇಳಿದ್ದರಲ್ಲಿ ಏನಾದರೂ ತಪ್ಪಿತೇ ಎಂದು ಹುಡುಗರನ್ನೇ ಕೇಳುತ್ತಾನಂತೆ. ಮೊದಲು ಹಾಗೆ ಕೇಳುತ್ತಿರಲಿಲ್ಲ."

"ಆದರೂ ಗುರುಗಳೇ, ವರ್ಧಮಾನ ಕೊನೆಗೆ ನಿಜ ಹೇಳಿದನಲ್ಲ."

"ಹೇಳಿದ," ಎಂದರು ಗುರು. "ಈಗ ನೀನು ಹೇಳು, ನಿನ್ನನ್ನು ಯಾರ ಬಗ್ಗೆ ಕೇಳಿದರು?"