ಗುಡ್ಡದ ಸುಕ್ಕಿನಲ್ಲಿ ಉಳಿದ ಕಾಡು

ಲೋಕಕ್ಕೆ ಇನ್ನೂ ಹಾಲುಹಲ್ಲಿದ್ದ ಕಾಲ. ಆಗ ಎತ್ತರದ ಗುಡ್ಡಗಳಿಗೆಲ್ಲ ಮುಖದ ತುಂಬ ಕಾಡೇ ಕಾಡು. ಕಣ್ಣೆಲ್ಲಿ, ಕೆನ್ನೆಯೆಲ್ಲಿ, ಬೆಳಿಗ್ಗೆ ಬಂದ ಸೂರ್ಯನಿಗೂ ಗುರುತು ಹತ್ತುತ್ತಿರಲಿಲ್ಲ.

ಗಾಳಿಯಜ್ಜನ ಕಸುಬು ಕ್ಷೌರ. ಹೆಬ್ಬಂಡೆಗಳು ಅಷ್ಟು ನುಣ್ಣಗಿರುವುದು ಅವನ ಕೈಗುಣದಿಂದಲೇ. ಅವನ ರೇಜರ್ ಅವನೇ ಮಾಡಿಕೊಂಡದ್ದು. ಬಿದಿಗೆ ಚಂದ್ರನ ಚೂರೇ ಬ್ಲೇಡು. ಅದು ಚರ್ಮಕ್ಕೆ ಇಳಿಯದಂತೆ ಎರಡೂ ಕಡೆ ಬಾಚಣಿಗೆಯಂಥ ಹಲ್ಲು. ಬ್ಲೇಡು ಹಾಕಲು ಹಿಡಿ ತಿರುಗಿಸಿದರೆ ಮೇಲಿನ ಎರಡು ಬಾಗಿಲು ಜೀರುಂಡೆಯ ರೆಕ್ಕೆಯಂತೆ ತೆರೆದುಕೊಳ್ಳುತ್ತಿದ್ದವು.

ಅಜ್ಜನಿಗೆ ವಯಸ್ಸಾಗಿ ಕೈ ನಡುಗತೊಡಗಿತು. ಮೊಮ್ಮಗಳು ಸುಳಿಯನ್ನು ಕರೆದು ರೇಜರನ್ನೂ ಗಾಯಕ್ಕೆ ಉಜ್ಜುವ ಪಟಿಕದ ಕಲ್ಲನ್ನೂ ಅವಳ ಕೈಗಿಟ್ಟ.

“ಒತ್ತಬೇಡ ಕಣೇ. ರೇಜರಿಗೆ ಅದರದ್ದೇ ಭಾರ ಇದೆ, ಅಷ್ಟು ಸಾಕು. ಸುಕ್ಕು ಬಂದ್ರೆ ಚರ್ಮ ಎಳೆದು ಹಿಡಿ. ಎಳೆಯೋಕಾಗದಿದ್ರೆ ಬಿಟ್ಟುಬಿಡು. ಗಾಯ ಮಾಡಿದೆಯೋ, ಮುಂದೆ ಯಾರೂ ನಮ್ಮ ಮನೆಯವರಿಗೆ ಕೆನ್ನೆ ಕೊಡಲ್ಲ.”

ಸುಳಿ ಹೋಗಿದ್ದು ಎಲ್ಲರಿಗಿಂತ ದೊಡ್ಡವನಾದ ಗುಡ್ಡಪ್ಪನ ಹತ್ತಿರ.

“ನಿಮ್ಮಜ್ಜನ ರೇಜರ್ ಅಂದ್ಮೇಲೆ ಭಯ ಏನು? ಬಾ ಮಗಳೇ,” ಎಂದು ಅವನು ಕತ್ತು ಚಾಚಿದ.

ಸರ್ ಸರ್ ಎಂದು ರೇಜರ್ ಜಾರಿತು. ಸುಳಿ ಒತ್ತಲಿಲ್ಲ. ಒಂದು ಕೆನ್ನೆಯ ಕಾಡು ಹೋಗಿ ನುಣ್ಣನೆಯ ಹಸಿರು ಹುಲ್ಲಷ್ಟೇ ಉಳಿಯಿತು. “ಓಹೋ, ಗುಡ್ಡಪ್ಪನೇನೋ!” ಎಂದ ಸೂರ್ಯ. ಸುಳಿಗೆ ಹಿಗ್ಗೋ ಹಿಗ್ಗು.

ಆಮೇಲೆ ಸುಕ್ಕು ಬಂತು. ಕಲ್ಲುಮೈಯ ಗುಡ್ಡಪ್ಪನ ಚರ್ಮ ಎಳೆಯುವುದಾದರೂ ಹೇಗೆ? ಅಲ್ಲಿ ಒಂದು ಮರವೂ ಉಳಿಯಬಾರದೆಂಬ ಹಟ ಸುಳಿಗೆ. ಒತ್ತಿಯೇಬಿಟ್ಟಳು.

“ಅಯ್ಯೋ!” ಎಂದು ಚೀರಿದ ಗುಡ್ಡಪ್ಪ. ಕೆಂಪು ಮಣ್ಣು ಕಿತ್ತುಬಂತು. ಒಳಗಿಂದ ನೀರು ಜಿನುಗಿತು.

ಸುಳಿ ಓಡಿಹೋಗಲಿಲ್ಲ. ಅಜ್ಜ ಕೊಟ್ಟಿದ್ದ ಪಟಿಕವನ್ನು ಮೆಲ್ಲಗೆ ಉಜ್ಜಿದಳು. ಬೆಳ್ಳಗೆ ಮಂಜು ಹರಡಿ ಗುಡ್ಡಪ್ಪನ ಉರಿ ಇಳಿಯಿತು.

“ತಪ್ಪಾಯ್ತು ಗುಡ್ಡಪ್ಪ. ಸುಕ್ಕು ನಿನ್ನದು, ಅಲ್ಲಿನ ಮರಾನೂ ನಿನ್ನದು. ನಾನಿನ್ನು ಮುಟ್ಟಲ್ಲ.”

“ಹಾಗಾದ್ರೆ ಉಳಿದಿದ್ದು ಮುಗಿಸು,” ಎಂದ ಗುಡ್ಡಪ್ಪ.

ಸುಳಿ ಮುಗಿಸಿದಳು. ಉಬ್ಬಿದಲ್ಲೆಲ್ಲ ಹುಲ್ಲು, ಸುಕ್ಕಿನಲ್ಲೆಲ್ಲ ಕಾಡು. ಪಕ್ಕದ ಗುಡ್ಡ ಕಿಸಕ್ಕೆಂದಿತು: “ಏನಯ್ಯಾ, ಅರ್ಧ ಕ್ಷೌರ!”

ಅಷ್ಟರಲ್ಲಿ ಅಜ್ಜ ಬಂದ. ಅಂಗೈಯಿಂದ ಗುಡ್ಡಪ್ಪನ ಕೆನ್ನೆ ಸವರಿದ. ಆಮೇಲೆ ಸುಕ್ಕಿಗೆ ಇಳಿದ. ಗಾಯ ಕಂಡಿತು. ಸುಳಿ ತಲೆ ತಗ್ಗಿಸಿ ರೇಜರನ್ನು ಅಜ್ಜನಿಗೆ ಮರಳಿ ಕೊಡಲು ಹೋದಳು.

ಅಜ್ಜ ತೆಗೆದುಕೊಳ್ಳಲಿಲ್ಲ. ಗಾಯದಿಂದ ಜಿನುಗಿದ ನೀರು ಮರಗಳ ನೆರಳಲ್ಲಿ ತಣ್ಣಗೆ ಹರಿಯುತ್ತಿತ್ತು. ಒಂದು ಕಡವೆ ಮರಿ ಬಾಯಿಟ್ಟು ಕುಡಿಯುತ್ತಿತ್ತು.

“ಗಾಯ ಮಾಡಿದ ಕೈಯೇ ಹಗುರ ಆಗೋದನ್ನೂ ಕಲೀತಲ್ಲ! ಇಟ್ಕೋ, ಇದು ಇನ್ನು ನಿಂದೇ,” ಎಂದ ಅಜ್ಜ.

ಗುಡ್ಡಪ್ಪ ಹತ್ತೂರಿಗೆ ಕೇಳುವಂತೆ ಕೂಗಿದ: “ನೋಡ್ರೋ ನನ್ನ ಮುಖ! ಇದು ನಮ್ಮ ಸುಳಿ ಮಾಡಿದ್ದು!”

ನಕ್ಕಿದ್ದ ಗುಡ್ಡವೇ ಮೊದಲು ಕತ್ತು ಚಾಚಿತು: “ತಾಯೀ, ನನಗೂ ಸುಕ್ಕು ಬಿಟ್ಟೇ ಮಾಡು.”

ಅದಕ್ಕೇ ಮಗು, ಇವತ್ತಿಗೂ ಆ ಎತ್ತರದ ಗುಡ್ಡಗಳ ಕೆನ್ನೆಯ ಮೇಲೆ ಹುಲ್ಲು, ಸುಕ್ಕುಗಳಲ್ಲಿ ಕಾಡು, ಕಾಡಿನೊಳಗೆ ತೊರೆ. ಬೆಳಿಗ್ಗೆ ನೀನು ಕಾಣುವ ಬಿಳಿ ಮಂಜು ಸುಳಿ ಉಜ್ಜಿದ ಪಟಿಕ. ಅವಳು ಹಾದುಹೋದಾಗ ಹುಲ್ಲು ಬಾಗಿ ಮತ್ತೆ ತಲೆಯೆತ್ತಿ ನಿಲ್ಲುತ್ತದೆ, ಏಕೆಂದರೆ ಅವಳೀಗ ಒತ್ತುವುದಿಲ್ಲ.