ಒಲೆ ಆರದ ಮನೆ

ಒಂದಾನೊಂದು ಊರಲ್ಲಿ ಹಂಪಣ್ಣ ಅನ್ನೋ ನೇಕಾರ ಸೀನಿದನಂತೆ. ಒಂದೇ ಒಂದು ಸಲ. ಅರಸ ಬೇಟೆಗೆಂದು ಅರಮನೆ ಬಾಗಿಲಿನಿಂದ ಬಲಗಾಲು ಹೊರಗಿಟ್ಟ ಹೊತ್ತಿಗೆ ಸರಿಯಾಗಿ. ಅರಸ ಕಾಲು ಒಳಗೆಳೆದುಕೊಂಡ, ಕುದುರೆಗಳ ಜೀನು ಬಿಚ್ಚಿಸಿದ. ರಾಜ್ಯಕ್ಕೆ ಒಂಟಿಸೀನಿನ ಅಪಶಕುನವಾಗಿದೆ, ಸೀನಿದವನ ತಲೆ ಬೇಕು ಅಂತ ಡಂಗುರ ಸಾರಿದರು.

ಹಂಪಣ್ಣ ಓಡಿ ಮನೆ ಹೊಕ್ಕ. ಹೆಂಡತಿ ತಿಪ್ಪವ್ವ ಒಲೆಯ ಮೇಲೆ ನುಚ್ಚು ಇಟ್ಟಿದ್ದಳು. ಬೆನ್ನಟ್ಟಿ ಬಂದ ತಳವಾರ ಹೊಸ್ತಿಲ ಹೊರಗೇ ನಿಂತ. ಯಾಕೆಂದರೆ ಆ ಊರಲ್ಲೊಂದು ಕಟ್ಟಳೆ ಇತ್ತಂತೆ: ಒಲೆಯಲ್ಲಿ ಬೆಂಕಿ ಇರುವ ಮನೆಯೊಳಗೆ ಅರಸನ ಆಳು ಕಾಲಿಡುವಂತಿಲ್ಲ.

"ಸೀನಿದವ ನಿನ್ನ ಗಂಡನೇನವ್ವಾ?"

"ಹೌದಪ್ಪಾ. ಇನ್ನೊಂದು ಬರೂದಿತ್ತು. ಜೋಡಿ ಆಗಿದ್ರ ಶುಭ ಆಗ್ತಿತ್ತು. ನೀವು ಬೆನ್ನತ್ತಿದ್ದಕ್ಕ ಹೆದರಿ ಒಳಗ ನಿಂತೈತಿ."

ಅರಸ ಧರ್ಮಾಧಿಕಾರಿಯನ್ನು ಕೇಳಿದ. ಧರ್ಮಾಧಿಕಾರಿ ಹಣ್ಣುಮುದುಕ, ನ್ಯಾಯವಂತ. ಕಟ್ಟಳೆ ಅಂದರೆ ಕಟ್ಟಳೆ, ಅರಸನಾದರೂ ಮೀರಬಾರದು ಅಂದ. ಅರಸ ತಲೆಬಾಗಿದ. ಎಂಥ ಅರಸ, ಎಂಥ ನ್ಯಾಯ ಅಂತ ಊರೆಲ್ಲ ಕೊಂಡಾಡಿತು.

ಮರುದಿನ ಆ ಕೇರಿಗೆ ಯಾರೂ ಸೌದೆ ಒಯ್ಯಬಾರದು, ಕೆಂಡ ಕೊಡಬಾರದು ಅಂತ ಅಪ್ಪಣೆಯಾಯಿತು. ತಿಪ್ಪವ್ವ ಕಿಟಕಿಯಿಂದಲೇ ಕೂಗಿ ದೂರು ಕೊಟ್ಟಳು. ಧರ್ಮಾಧಿಕಾರಿ ಮೂರು ಹಗಲು ಯೋಚಿಸಿ, ಒಲೆ ಉರಿಸುವ ಹಕ್ಕು ಅವಳದೇ, ಆದರೆ ಸೌದೆ ಸಿಗಬೇಕು ಅಂತ ಕಟ್ಟಳೆಯಲ್ಲಿ ಎಲ್ಲೂ ಇಲ್ಲ ಅಂದ.

ತಿಪ್ಪವ್ವ ಒನಕೆ ಸುಟ್ಟಳು. ಬೆಳಿಗ್ಗೆ ತಳವಾರ ಬಂದ.

"ಅವ್ವಾ, ಬೆಂಕಿ ಐತೇನು?"

"ಐತಪ್ಪಾ."

ಹೋದ. ಮಂಚ ಸುಟ್ಟಳು. ತಳವಾರ ಬಂದ, ಕೇಳಿದ, ಹೋದ. ಮಗ್ಗಕ್ಕೆ ಕೈ ಹಾಕಿದಾಗ ಹಂಪಣ್ಣ ಅಡ್ಡ ನಿಂತ.

"ಬ್ಯಾಡ ತಿಪ್ಪಿ. ಮಗ್ಗ ಹೋದ್ರ ನಾ ಇದ್ದೇನು ಮಾಡ್ಲಿ? ನಾನಽ ಹೊರಗ ಹೋಗ್ತೀನಿ."

"ನಿನ್ನ ತಲಿ ಉಳಿದ್ರ ಮಗ್ಗ ಇನ್ನೊಂದು ಮಾಡಿಸಬೌದು. ಸುಮ್ನ ಕುಂದ್ರು."

ಮಗ್ಗ ಉರಿಯಿತು. ಅಕ್ಕಪಕ್ಕದವರು ತಮ್ಮ ಬಾಗಿಲು ಮುಚ್ಚಿಕೊಂಡು ಅವಳ ಧೈರ್ಯವನ್ನು ಹೊಗಳಿದರು. ಆಮೇಲೆ ಕದ ಉರಿಯಿತು, ಕಿಟಕಿ ಉರಿಯಿತು. ತೊಲೆ, ಜಂತೆ ಇಳಿಸಿದಳು. ಮಾಳಿಗೆ ಕುಸಿದು ಮಣ್ಣುಗೋಡೆಗಳು ಮಲಗಿದವು. ಕಡೆಗೆ ಹೊಸ್ತಿಲ ಮರವನ್ನೂ ಕಿತ್ತು ಒಲೆಗೆ ತುರುಕಿದಳು. ಬಯಲಲ್ಲಿ ಒಲೆ ನಿಗಿನಿಗಿ ಉರಿಯುತ್ತಿತ್ತು. ಅದರ ಪಕ್ಕ ಗಂಡಹೆಂಡಿರು ಒಂದೇ ಕಂಬಳಿ ಹೊದ್ದು ಕೂತಿದ್ದರಂತೆ.

ಬೆಳಿಗ್ಗೆ ತಳವಾರ ಬಂದ. ಜೊತೆಗೆ ಧರ್ಮಾಧಿಕಾರಿಯೂ ಬಂದ.

"ಅವ್ವಾ, ಬೆಂಕಿ ಐತೇನು?"

"ಕಣ್ಣು ಕಾಣಂಗಿಲ್ಲೇನು? ಐತಲ್ಲ!"

ಧರ್ಮಾಧಿಕಾರಿ ಬಗ್ಗಿ ಒಲೆಗೆ ಕೈಯೊಡ್ಡಿ ಬಿಸಿ ನೋಡಿದ. "ಬೆಂಕಿ ಇರೋದು ನಿಜ ತಾಯಿ. ಇದರಲ್ಲಿ ಅರಸರದೇನೂ ತಕರಾರಿಲ್ಲ. ಮನೆ ಎಲ್ಲಿದೆ, ತೋರಿಸು."

ತಿಪ್ಪವ್ವ ಸುತ್ತ ನೋಡಿದಳು. ತಳವಾರ ಒಂದು ಹೆಜ್ಜೆ ಮುಂದಿಟ್ಟ. ಅವನ ಕಾಲಿಗೆ ಯಾವ ಹೊಸ್ತಿಲೂ ತಾಗಲಿಲ್ಲ.

ಕಟ್ಟಳೆ ಎಲ್ಲೂ ಮುರಿದಿಲ್ಲ ಅಂತ ಅಂದೇ ತೀರ್ಪಾಯಿತಂತೆ. ಹೊತ್ತು ನೆತ್ತಿಗೇರುವ ಮೊದಲು ಹಂಪಣ್ಣನ ತಲೆ ಹೋಯಿತು.

ಅವರ ಕಾಲ ಅವರಿಗಾಯಿತು, ನಮ್ಮ ಕಾಲ ನಮಗಿದೆ.